ಪೀಪಾಯಿಯ ಉಪ್ಪು, ಬಾಣಂತಿಯ ಹಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರೊಸಾಂದಾ ಗ್ಲಿಷಿಚ್ ತಮ್ಮ ಹಳೆಯ ಲಾಡಾ ಜೀಪಿನ ಮುಂಗಾಜಿನ ಮೇಲೆ ಹೆಪ್ಪುಗಟ್ಟಿದ ಮಂಜನ್ನು ಸೂಪಿನ ಚಮಚದಿಂದ ಕೆರೆಯುತ್ತಿದ್ದಾರೆ. ಇದಕ್ಕೆಂದೇ ಒಂದು ಪ್ಲಾಸ್ಟಿಕ್ ಪಟ್ಟಿ ಇತ್ತು. ಯಾವುದೋ ಮನೆಯ ಅಜ್ಜಿ ಅದನ್ನು ಕಣಕ ಕೆರೆಯಲು ಚೆನ್ನಾಗಿದೆ ಎಂದು ಇಟ್ಟುಕೊಂಡುಬಿಟ್ಟಿದ್ದಾಳೆ. ಪಕ್ಕದ ಸೀಟಿನಲ್ಲಿ ಎಳೆಮಕ್ಕಳನ್ನು ತೂಗುವ ತಕ್ಕಡಿ ಬೆಲ್ಟು ಬಿಗಿಸಿಕೊಂಡು ಕೂತಿದೆ.

"ಇದಕ್ಕೆ ಪೆಟ್ಟಾದ್ರೆ ಆಫೀಸಿನವರು ಹೊಸದು ಕೊಡಲ್ಲ," ಎನ್ನುತ್ತಾರೆ ರೊಸಾಂದಾ. "ನಂಗೆ ಪೆಟ್ಟಾದ್ರೆ ಇನ್ನೊಬ್ಬಳನ್ನ ಹುಡುಕ್ತಾರೆ, ಅದು ಸುಲಭ."

ಚಮಚ ಕೋಟಿನ ಜೇಬಿಗೆ ಹೋಗುತ್ತದೆ. ಜೀಪು ಎರಡು ಸಲ ಕೆಮ್ಮಿ ಹೊರಡುತ್ತದೆ. ಪಟ್ಟಣ ಇನ್ನೂ ಮಲಗಿದೆ, ಆದರೆ ಪ್ರತಿ ಬಾಲ್ಕನಿಯಲ್ಲೂ ಎಲೆಕೋಸಿನ ರಾಶಿ ಎದ್ದು ಕೂತಿದೆ. ಅಕ್ಟೋಬರ್ ಮುಗಿಯುತ್ತಿದೆ; ಮಿತ್ರೋವ್‌ದಾನ್ ಹಬ್ಬದ ಒಳಗೆ ಚಳಿಗಾಲಕ್ಕೆ ಉಪ್ಪಿನಲ್ಲಿ ಹುಳಿ ಬರಿಸುವ ಕೋಸು ಮನೆಮನೆಯ ಪೀಪಾಯಿಗೂ ಬೀಳಬೇಕು. ರಸ್ತೆ ಬೀಚ್ ಮರಗಳ ನಡುವೆ ಜ್ಲಾತಿಬೋರ್ ಬೆಟ್ಟಗಳ ಕಡೆಗೆ ತಿರುಗುತ್ತದೆ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಬಾಣಂತಿಯರನ್ನು ಅವರವರ ಮನೆಗೇ ಹೋಗಿ ನೋಡಿಬರುವುದು ರೊಸಾಂದಾ ಅವರ ಕೆಲಸ. ಮಗುವಿನ ಹೊಕ್ಕುಳು ಒಣಗಿದೆಯೇ, ತೂಕ ಏರಿದೆಯೇ, ತಾಯಿ ನಿದ್ದೆ ಮಾಡಿದ್ದಾಳೆಯೇ, ಅತ್ತೆಯ ಜತೆ ಮಾತು ಬಿಟ್ಟಿದ್ದಾಳೆಯೇ, ಎಲ್ಲ ನೋಡಬೇಕು. ದಿನಕ್ಕೆ ಆರೇಳು ಮನೆ. ಹಿಮ ಬಿದ್ದರೆ ನಾಲ್ಕು. ಈ ಬೆಟ್ಟದಲ್ಲಿ ಈಗ ಗಡ್ಡ ಬಿಟ್ಟು ಟ್ರ್ಯಾಕ್ಟರ್ ಓಡಿಸುವ ಬಹಳಷ್ಟು ಗಂಡಸರು ಒಂದು ಕಾಲದಲ್ಲಿ ಇವರ ತಕ್ಕಡಿಯ ಮೇಲೆ ಬೆತ್ತಲೆ ಮಲಗಿ ಉಚ್ಚೆ ಹೊಯ್ದವರೇ. ಎದುರಿಗೆ ಸಿಕ್ಕರೆ ಅವರು ಟೋಪಿ ತೆಗೆಯುತ್ತಾರೆ. ರೊಸಾಂದಾ ನಗುತ್ತಾರೆ.

ಈ ಗುರುವಾರದ ಮೊದಲ ಮನೆ ಗೊರ್ನ್ಯಾ ಯಸೆನೊವಾ ಎಂಬ ಹಳ್ಳಿಯ ತುದಿಯಲ್ಲಿದೆ. ಬಾಗಿಲು ತೆಗೆಯುವವರು ಮಿಲುಂಕಾ, ಬಾಣಂತಿಯ ಅತ್ತೆ.

"ಬೂಟು ಅಲ್ಲೇ ಬಿಡು, ಹಾಲು ತೆಳ್ಳಗಾಗಿದೆ," ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾರೆ.

"ಯಾರ ಹಾಲು ಮಿಲುಂಕಕ್ಕಾ, ಹಸುವಿಂದಾ?"

"ಹಸುವಿಂದಾದ್ರೆ ನಿನ್ನ ಯಾಕೆ ಕರೀಲಿ? ಹಸುಗೆ ಡಾಕ್ಟರ್ ಬರ್ತಾನೆ, ಓದಿರೋನು."

ಒಳಗೆ ಸೌದೆ ಒಲೆಯ ಪಕ್ಕ ನೇದಾ ಕೂತಿದ್ದಾಳೆ, ಮಡಿಲಲ್ಲಿ ಹುಟ್ಟಿ ಎರಡು ಮೂರು ವಾರವಾದ ದುನ್ಯಾ. ನೇದಾ ಪಟ್ಟಣದ ಹುಡುಗಿ, ಚಪ್ಪಲಿ ಅಂಗಡಿಯಲ್ಲಿ ಕೆಲಸದಲ್ಲಿದ್ದವಳು. ಮಿಲುಂಕಾರ ಮಗ ಒಬ್ರಾದ್‌ನನ್ನು ಮದುವೆಯಾಗಿ ಬೆಟ್ಟ ಹತ್ತಿದಳು. ಅವನು ಮರ ಕೊಯ್ಯುವ ಮಿಲ್ಲಿಗೆ ಹೋಗುತ್ತಾನೆ. ನೇದಾ ಇವತ್ತು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದಾಳೆ. ಮೊನ್ನೆ ಅವಳ ದವಡೆ ಹಲ್ಲಿನ ಒಂದು ಚೂರು ಮುರಿದು ಹೋಗಿದೆ. ಮಿಲುಂಕಾ ಅದನ್ನು ಕರವಸ್ತ್ರದಲ್ಲಿ ಕಟ್ಟಿ ಇಟ್ಟಿದ್ದಾರೆ. ಗಂಟು ಬಿಚ್ಚಿ ತೋರಿಸುತ್ತಾರೆ.

"ನೋಡು. ಮಗು ಕುಡಿದು ಹಾಕಿದೆ."

"ಏನು ತಿಂತಿದ್ದಾಗ ಮುರೀತು?" ಎಂದು ರೊಸಾಂದಾ ನೇದಾಳನ್ನು ಕೇಳುತ್ತಾರೆ.

ನೇದಾ ಅತ್ತೆಯ ಮುಖ ನೋಡುತ್ತಾಳೆ. "ಆಕ್ರೋಟಿನ ರೊಟ್ಟಿ."

"ಒಳಗೆ ಆಕ್ರೋಟಿನ ಚಿಪ್ಪು ಇತ್ತಾ?"

"ಒಂದು ಸಣ್ಣದು ಇತ್ತು."

"ಹಾಗಾದ್ರೆ ಮಗು ಅಲ್ಲ, ಮಿಲುಂಕಕ್ಕ."

ಮಿಲುಂಕಾ ನಗುವುದಿಲ್ಲ. ಬಾಯಿ ತೆರೆದು ತೋರಿಸುತ್ತಾರೆ. ಒಂದು ಬದಿಯಲ್ಲಿ ಹಲ್ಲೇ ಇಲ್ಲ. ಅಂಗಡಿಯ ಕಪಾಟುಗಳು ಖಾಲಿಯಿದ್ದ ವರ್ಷಗಳಲ್ಲಿ ಅವರು ಒಬ್ರಾದ್‌ಗೆ ಹಾಲೂಡಿಸಿದ್ದು, ಅವನು ನಡೆಯುವವರೆಗೂ, ಮಾತಾಡುವವರೆಗೂ. "ಒಂದೊಂದಾಗಿ ಹೋದ್ವು. ನಂಗೆ ಹೇಳೋರು ಯಾರೂ ಇರ್ಲಿಲ್ಲ. ಈ ಹುಡುಗಿಗೆ ಹೇಳೋಕೆ ನಾನಿದೀನಿ. ಅವಳ ಬಾಯಿ ನನ್ನ ಬಾಯಿ ತರ ಆಗೋದು ಬೇಡ."

ಸಂತ ನಿಕೊಲಾಯ್ ಪಟದ ಪಕ್ಕದಲ್ಲಿ ಪುಡಿಹಾಲಿನ ಡಬ್ಬಿ ಇದೆ, ಇನ್ನೂ ಒಡೆದಿಲ್ಲ. ಭಾನುವಾರ ಈ ಮನೆಯಲ್ಲಿ ಬಾಬಿನೆ. ನೆಂಟರ ಹೆಂಗಸರೆಲ್ಲ ಪೊಗಾಚಾ ರೊಟ್ಟಿ, ಹುರಿದ ಕೋಳಿ ಹೊತ್ತುಕೊಂಡು ಬಾಣಂತಿಯನ್ನು ನೋಡಲು ಬರುತ್ತಾರೆ. ಅವತ್ತೇ ಎದೆ ಬಿಡಿಸಿ ಬಾಟಲಿ ಶುರು ಮಾಡುವುದೆಂದು ತೀರ್ಮಾನವಾಗಿದೆ. ಎಲ್ಲರ ಎದುರಿಗೇ ಶುರು ಮಾಡಿದರೆ ಆಮೇಲೆ ಒಬ್ಬೊಬ್ಬರಿಗೂ ಉತ್ತರ ಕೊಡುವ ರಗಳೆ ಇಲ್ಲ ಎನ್ನುವುದು ಮಿಲುಂಕಾರ ಲೆಕ್ಕ.

"ನಿಂಗೇನು ಇಷ್ಟ?" ರೊಸಾಂದಾ ನೇದಾಳ ಪಕ್ಕ ಕೂತು ಕೇಳುತ್ತಾರೆ.

"ನಂಗೆ ಹಾಲೂಡಿಸೋಕೆ ಇಷ್ಟ," ಎನ್ನುತ್ತಾಳೆ ನೇದಾ. ಬಾಯಿಯ ಮೇಲಿನ ಕೈ ಇನ್ನೂ ತೆಗೆದಿಲ್ಲ. "ಆದ್ರೆ ನಾನು ತಿಂತಿರೋದೇ ಕೋಳಿ ಸೂಪು, ಬೇಯ್ಸಿದ ಆಲೂಗಡ್ಡೆ. ಕೋಸು ಬೇಡ, ಕಾಳು ಬೇಡ, ಈರುಳ್ಳಿ ಬೇಡ, ಮಗುಗೆ ಹೊಟ್ಟೆನೋವು ಬರುತ್ತೆ ಅಂತಾರೆ. ನಂಗೆ ಹಲ್ಲಿಗಿಂತ ಇವಳದ್ದೇ ಚಿಂತೆ. ನೇರವಾಗಿ ಹೇಳಿ ಸಿಸ್ಟರ್. ನನ್ನೊಳಗೆ ಇಲ್ಲದ್ದು ಹಾಲಿಗೆ ಎಲ್ಲಿಂದ ಬರುತ್ತೆ?"

ಬಾಣಂತಿಯರು ರೊಸಾಂದಾರನ್ನು ಏನೇನೋ ಕೇಳುತ್ತಾರೆ: ಮಗು ಯಾಕೆ ಸೀನುತ್ತೆ, ಗಂಡ ಯಾಕೆ ಗೊರಕೆ ಹೊಡೀತಾನೆ. ಇಷ್ಟು ನೆಟ್ಟಗೆ ಕೇಳುವವರು ಕಡಿಮೆ. ಅವರು ಮೊದಲು ದುನ್ಯಾಳನ್ನು ಬಿಚ್ಚಿ ತಕ್ಕಡಿಗೆ ಹಾಕುತ್ತಾರೆ. ಮಗು ಚೆನ್ನಾಗಿ ಏರಿದೆ. ತಕ್ಕಡಿಯ ಮುಳ್ಳನ್ನು ಮಿಲುಂಕಾರಿಗೂ ತೋರಿಸುತ್ತಾರೆ.

"ಹಾಲು ತೆಳ್ಳಗಿದ್ರೆ ಇವಳು ದಪ್ಪ ಆಗ್ತಿರೋದು ಯಾವುದರಿಂದ? ಗಾಳಿಯಿಂದಲಾ?"

"ಕೊಬ್ಬು ಬೇರೆ, ಮೂಳೆ ಬೇರೆ," ಎಂದು ಮಿಲುಂಕಾ ಜಗ್ಗುವುದಿಲ್ಲ. ಸೊಸೆಗೆ ದಿನಾ ಬೆಳಿಗ್ಗೆ ಮೊಟ್ಟೆಯ ಚಿಪ್ಪು ಕುಟ್ಟಿ ನಿಂಬೆರಸದಲ್ಲಿ ಕಲಸಿ ಕೊಡುತ್ತಿದ್ದಾರೆ. ನೇದಾ ಮೂಗು ಹಿಡಿದು ನುಂಗುತ್ತಿದ್ದಾಳೆ.

ಆಗ ರೊಸಾಂದಾ ಪ್ರತಿ ಮನೆಯಲ್ಲೂ ಒಂದಲ್ಲ ಒಂದು ರೀತಿಯಲ್ಲಿ ಹೇಳುವ ಮಾತನ್ನು ಇಲ್ಲೂ ಹೇಳುತ್ತಾರೆ. "ಎದೆ ಅನ್ನೋದು ಒಬ್ಬ ಹಠಮಾರಿ ಅಡುಗೆಯವಳು ಮಗಾ. ಮನೇಲಿ ಸಾಮಾನಿದೆಯೋ ಇಲ್ವೋ, ಅವಳಿಗೆ ಬೇಕಿಲ್ಲ. ಮಗು ತಟ್ಟೇಲಿ ಕ್ಯಾಲ್ಸಿಯಂ ಇಷ್ಟೇ ಇರ್ಬೇಕು ಅಂದ್ರೆ ಇಷ್ಟೇ ಇರುತ್ತೆ. ನಿನ್ನ ಊಟದಲ್ಲಿ ಸಿಕ್ತಾ, ಸರಿ. ಸಿಗ್ಲಿಲ್ವಾ, ನಿನ್ನ ಮೂಳೆ ಹತ್ರ ಹೋಗಿ ತಗೋತಾಳೆ. ಹಲ್ಲಿನ ತಂಟೆಗೆ ಹೋಗಲ್ಲ. ಮಗು ಹಾಲು ಬಿಟ್ಮೇಲೆ ಮೂಳೆ ಮತ್ತೆ ತುಂಬ್ಕೊಳ್ಳುತ್ತೆ. ನೀನು ಚಿಪ್ಪು ತಿಂದ್ರೂ ಹಾಲು ದಪ್ಪ ಆಗಲ್ಲ, ಆಲೂಗಡ್ಡೆ ತಿಂದ್ರೂ ತೆಳ್ಳಗಾಗಲ್ಲ. ನೀನು ಚೆನ್ನಾಗಿ ತಿನ್ಬೇಕಾಗಿರೋದು ನಿನಗೋಸ್ಕರ."

"ಇವಳ ಮಾತು ಕೇಳಿದ್ರೆ ಊಟನೇ ಬೇಡ ಅನ್ನೋ ಹಾಗಿದೆ," ಎನ್ನುತ್ತಾರೆ ಮಿಲುಂಕಾ.

"ಬೇಕು ಅಂತಲೇ ಹೇಳ್ತಿದೀನಿ. ಕಾಳು ಬೇಯ್ಸಿ ಕೊಡಿ."

"ಕಾಳಾ? ಮಗು ಇಡೀ ದಿನ ಅಳುತ್ತೆ. ಆಗ ನೀನು ಬಂದು ಎತ್ಕೊತೀಯಾ?"

ನೇದಾ ಡಬ್ಬಿಯ ಕಡೆಗೆ ನೋಡಿ ಕಣ್ಣು ಕೆಳಗೆ ಮಾಡುತ್ತಾಳೆ. ಅವಳಿಗೆ ನಂಬಿಕೆ ಬಂದಿಲ್ಲ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ ರೊಸಾಂದಾ ಭಾನುವಾರದವರೆಗೆ ಡಬ್ಬಿ ಒಡೆಯಬೇಡಿ ಎಂದಷ್ಟೇ ಕೇಳಿಕೊಳ್ಳುತ್ತಾರೆ. "ಶನಿವಾರ ಕೋಸು ಹಾಕ್ತಿದೀವಿ," ಎನ್ನುತ್ತಾರೆ ಮಿಲುಂಕಾ. "ಬರೋದಾದ್ರೆ ಕೈ ತೊಳ್ಕೊಂಡು ಬಾ, ಬರೀ ಬಾಯಿ ತಗೊಂಡು ಬರ್ಬೇಡ."

ರೊಸಾಂದಾ ಹುಟ್ಟಿದ್ದು ಇಂಥದೇ ಒಂದು ಬೆಟ್ಟದ ಮೇಲಿನ ಊರಿನಲ್ಲಿ. ಸಮುದ್ರ ದೂರ, ಮೀನು ಅಪರೂಪ, ಮಣ್ಣು ಬಡವಾದದ್ದು. ಅವರ ಅಮ್ಮನ ಕಾಲದ ಎಷ್ಟೋ ಹೆಂಗಸರಿಗೆ ಗಳಗಂಡ ಇತ್ತು. ಅಮ್ಮನಿಗೂ ಇತ್ತು. ಬೇಸಿಗೆಯಲ್ಲೂ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿರುತ್ತಿದ್ದರು. "ಫೋಟೋದಲ್ಲೆಲ್ಲ ಅಮ್ಮ ಗಲ್ಲ ಕೆಳಗೆ ಮಾಡಿದಾರೆ. ನಾನು ಚಿಕ್ಕವಳಿದ್ದಾಗ ನಾಚಿಕೆ ಸ್ವಭಾವ ಅನ್ಕೊಂಡಿದ್ದೆ," ಎಂದು ನೆನೆಯುತ್ತಾರೆ. ಅಯೋಡಿನ್ ಹಾಕಿದ ಉಪ್ಪು ಅಂಗಡಿಗೆ ಬಂದ ಮೇಲೆ ಆ ಊದಿದ ಕುತ್ತಿಗೆಗಳು ಒಂದು ತಲೆಮಾರಿನಲ್ಲಿ ಕಡಿಮೆಯಾದವು. ಈಗಿನ ಹುಡುಗಿಯರು ಆ ಕಾಯಿಲೆಯನ್ನು ಕಣ್ಣಿಂದ ನೋಡಿಯೂ ಇಲ್ಲ.

ಉಜಿತ್ಸೆ ನಗರದಲ್ಲಿ ನರ್ಸಿಂಗ್ ಓದಿ ಬಂದು ರೊಸಾಂದಾ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ವಿಭಾಗ ಸೇರಿದರು. ಅಲ್ಲಿನ ರೋಗಿಗಳು ಮಾತಾಡುವುದಿಲ್ಲ ಎಂಬ ಬೇಸರಕ್ಕೆ ಮನೆಮನೆ ಸುತ್ತುವ ಈ ಕೆಲಸ ಕೇಳಿ ಪಡೆದರು. ಕೆಲಸಕ್ಕೆ ಜೀಪು ಕೊಟ್ಟರು, ಅದರ ಹೀಟರ್ ಅವತ್ತೇ ಕೆಟ್ಟಿತ್ತು. ಸೇತುವೆ ಕೊಚ್ಚಿಹೋದ ಒಂದು ವಸಂತದಲ್ಲಿ ತಕ್ಕಡಿಯನ್ನು ಬೆನ್ನಿಗೆ ಕಟ್ಟಿಕೊಂಡು ಹಳ್ಳ ದಾಟಿದ್ದಾರೆ. ನಾಯಿ ಕಡಿದಿದೆ. ಒಬ್ಬ ಮಾವ, ಸೊಸೆಯ ಕೋಣೆಗೆ ಪರಕೀಯರು ಕಾಲಿಡಬಾರದೆಂದು ಕೊಡಲಿ ಹಿಡಿದು ನಿಂತಿದ್ದನಂತೆ. ಅದೇ ಮಾವ ಮುಂದಿನ ಮೊಮ್ಮಗು ಹುಟ್ಟಿದಾಗ ಅದೇ ಕೊಡಲಿಯಿಂದ ಇವರ ಜೀಪಿಗೆ ಅಡ್ಡಬಿದ್ದ ಮರ ಕಡಿದು ದಾರಿ ಮಾಡಿಕೊಟ್ಟ. ತಮ್ಮ ಮೊದಲ ಹೆರಿಗೆಯಲ್ಲಿ ರೊಸಾಂದಾ ಕೂಡ ಚಿಪ್ಪು ನುಂಗಿದವರೇ. "ನರ್ಸ್ ಆಗಿದ್ದೆ, ಎಲ್ಲಾ ಓದಿದ್ದೆ. ಅತ್ತೆ ಲೋಟ ಹಿಡ್ಕೊಂಡು ಎದುರಿಗೆ ನಿಂತ್ರೆ ಓದಿದ್ದು ಏನು ಮಾಡುತ್ತೆ?"

ಶನಿವಾರ ಅವರಿಗೆ ರಜೆ. ಆದರೂ ಹೋಗುತ್ತಾರೆ, ಕೈ ತೊಳೆದುಕೊಂಡೇ.

ಮಿಲುಂಕಾರ ಮನೆಯ ನೆಲಮಾಳಿಗೆಯಲ್ಲಿ ಕೆಲಸ ಜೋರಾಗಿದೆ. ಒಬ್ರಾದ್ ಕೋಸಿನ ತೊಟ್ಟು ಕೊರೆದು ಕೊಡುತ್ತಾನೆ. ಮಿಲುಂಕಾ ಆ ಗುಳಿಗೆ ಒಂದು ಹಿಡಿ ದಪ್ಪ ಉಪ್ಪು ತುಂಬಿ, ಪೀಪಾಯಿಯೊಳಗೆ ತಲೆಕೆಳಗಾಗಿ ಕೂರಿಸುತ್ತಾರೆ. ನೇದಾ ಮೆಟ್ಟಿಲ ಮೇಲೆ ಮಗು ಹಿಡಿದು ಕೂತಿದ್ದಾಳೆ. ನಲವತ್ತು ದಿನ ಮನೆ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ನೆಲಮಾಳಿಗೆ ಮನೆಯ ಒಳಗೋ ಹೊರಗೋ ಎಂದು ಬೆಳಿಗ್ಗೆ ಅರ್ಧ ಗಂಟೆ ವಾದವಾಗಿ ಒಳಗೆ ಎಂದು ತೀರ್ಮಾನವಾಗಿದೆ.

"ಸಿಸ್ಟರ್, ಫೋನಲ್ಲಿ ಓದಿದೆ," ಎನ್ನುತ್ತಾನೆ ಒಬ್ರಾದ್. "ಹಾಲೂಡಿಸೋರು ಕಪ್ಪು ಬಿಯರ್ ಕುಡೀಬೇಕಂತೆ."

"ನೀನು ಹಾಲೂಡಿಸ್ತೀಯಾ?"

"ಇಲ್ಲ, ಅವಳಿಗೆ ಅಂತ ತಂದಿದ್ದೆ."

"ತಂದಿದ್ದು ಎಲ್ಲಿ ಹೋಯ್ತು ಅಂತ ಕೇಳಿ," ಎಂದು ಮೆಟ್ಟಿಲ ಮೇಲಿಂದ ನೇದಾ ಹೇಳುತ್ತಾಳೆ. ಎಲ್ಲರೂ ನಗುತ್ತಾರೆ, ಅವಳೂ.

ರೊಸಾಂದಾ ತೋಳು ಮಡಚಿ ಉಪ್ಪಿನ ಮೂಟೆಯ ಪಕ್ಕ ಮಂಡಿಯೂರುತ್ತಾರೆ. ಸಂತೆಯಲ್ಲಿ ಲಾರಿಯಿಂದ ಇಳಿಸಿ ಮಾರುವ ದಪ್ಪ ಉಪ್ಪು, ಪೀಪಾಯಿಗೆಂದೇ ಬರುವಂಥದು, ಅಯೋಡಿನ್ ಇಲ್ಲದ್ದು. ಅಂಗಡಿಯ ಉಪ್ಪು ಹಾಕಿದರೆ ಕೋಸು ಮೆತ್ತಗಾಗಿ ಕೊಳೆಯುತ್ತದೆ ಎಂದು ಈ ಬೆಟ್ಟದಲ್ಲಿ ಎಲ್ಲರೂ ನಂಬುತ್ತಾರೆ. ನಂಬದವರೂ ಸುಮ್ಮನೆ ಯಾಕೆ ಎಂದು ಇದನ್ನೇ ಕೊಳ್ಳುತ್ತಾರೆ. ಮೂಟೆಯ ಬಾಯಲ್ಲಿ ಒಂದು ಚಹಾ ಲೋಟ ಹೂತಿದೆ. ಪಕ್ಕದಲ್ಲಿ ಹೋದ ವರ್ಷದ ಇನ್ನೊಂದು ಮೂಟೆ, ತಳದಲ್ಲಿ ಸ್ವಲ್ಪ ಉಳಿದಿದೆ.

"ಹಳೇದು ಇನ್ನೂ ಖಾಲಿ ಆಗಿಲ್ವಾ ಅಕ್ಕಾ?"

"ಆಗ್ತಾ ಬಂತು. ಮೇ ತಿಂಗಳಲ್ಲಿ ಊರಿನ ಅಂಗಡಿ ಮುಚ್ಚಿದ್ರಲ್ಲ, ಆಗಿಂದ ಎಲ್ಲದಕ್ಕೂ ಇದೇ. ರೊಟ್ಟಿಗೆ ಇದೇ, ಸೂಪಿಗೆ ಇದೇ, ಚೀಸ್ ನೆನೆಸೋಕೂ ಇದೇ. ಉಪ್ಪಿಗೋಸ್ಕರ ಪಟ್ಟಣಕ್ಕೆ ಬಸ್ಸು ಹತ್ತಲಾ? ಇದರ ರುಚಿನೂ ಚೆನ್ನಾಗಿದೆ, ಔಷಧಿ ವಾಸನೆ ಇಲ್ಲ."

ರೊಸಾಂದಾರ ಕೈ ಉಪ್ಪಿನಲ್ಲೇ ನಿಲ್ಲುತ್ತದೆ. ಈ ಮನೆಯಲ್ಲಿ ರೊಟ್ಟಿ ಮನೆಯದೇ. ಹಾಲು, ಮೊಟ್ಟೆ, ಕೋಳಿ ಎಲ್ಲ ಅಂಗಳದ್ದು. ಸಮುದ್ರದ ಮೀನು ತಿಂದದ್ದು ಯಾರಿಗೂ ನೆನಪಿಲ್ಲ. ಇಡೀ ಮನೆ ತಿಂಗಳುಗಟ್ಟಲೆ ಒಂದೇ ಮೂಟೆಯ ಉಪ್ಪು ತಿಂದಿದೆ, ನೇದಾ ಬಸುರಿಯಾಗಿದ್ದಾಗಲೂ, ಈಗ ಬಾಣಂತನದಲ್ಲೂ. ಹಿಂದಿನ ಭೇಟಿಗಳಲ್ಲಿ ರೊಸಾಂದಾ ಊಟದ ಬಗ್ಗೆ ಕೇಳಿದ್ದರು. ಉಪ್ಪು ಸರಿಯಾಗಿ ತಿಂತಾಳಾ ಎಂದೂ ಕೇಳಿದ್ದರು. ತಿಂತಾಳೆ ಎಂದಿದ್ದರು ಮಿಲುಂಕಾ, ಅದು ನಿಜವೂ ಹೌದು. ಯಾವ ಉಪ್ಪು ಎಂದು ಇವರು ಕೇಳಲಿಲ್ಲ.

ಜೀಪಿನಲ್ಲಿ ಏನೋ ಮರೆತೆ ಎಂದು ಹೇಳಿ ಅವರು ಅಂಗಳಕ್ಕೆ ಬರುತ್ತಾರೆ. ಮೊದಲು ಮಕ್ಕಳ ಡಾಕ್ಟರಿಗೆ ಫೋನು ಮಾಡುತ್ತಾರೆ. ಹುಟ್ಟಿದಾಗ ಹಿಮ್ಮಡಿ ಚುಚ್ಚಿ ಮಾಡಿದ ಥೈರಾಯ್ಡ್ ಪರೀಕ್ಷೆ ಸರಿಯಿತ್ತು, ಗಾಬರಿಯಾಗಬೇಡಿ ಎನ್ನುತ್ತಾರೆ ಡಾಕ್ಟರು. ಸೋಮವಾರ ತಾಯಿಮಗು ಇಬ್ಬರ ರಕ್ತವನ್ನೂ ನೋಡೋಣ, ಬಾಣಂತಿಗೆ ಅಯೋಡಿನ್ ಮಾತ್ರೆ ಬರೆಯುತ್ತೇನೆ, ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ. ಕೊನೆಗೆ ಡಾಕ್ಟರೂ ಕೇಳುತ್ತಾರೆ: "ಆ ಲಾರಿ ಉಪ್ಪನ್ನ ಅಡುಗೆಗೂ ಹಾಕ್ತಾರಾ? ನಮ್ಮನೇಲೂ ಮೂಟೆ ಇದೆ, ನನ್ನ ಗಂಡನ್ನ ಕೇಳ್ಬೇಕು."

ಫೋನು ಇಟ್ಟ ಮೇಲೂ ರೊಸಾಂದಾ ಒಳಗೆ ಹೋಗುವುದಿಲ್ಲ. ಮಾತ್ರೆಯಿಂದ ಆಗುವ ಕೆಲಸ ಸುಲಭ, ಕಷ್ಟ ಬೇರೆಯದು. ಎದೆ ಎಂಬ ಆ ಹಠಮಾರಿ ಅಡುಗೆಯವಳಿಗೂ ಅಯೋಡಿನ್ ವಿಷಯದಲ್ಲಿ ಕೈ ಸಾಗುವುದಿಲ್ಲ. ತಾಯಿಯ ತಟ್ಟೆಯಲ್ಲಿ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆ, ಮಗುವಿನ ಮಿದುಳು ಬೆಳೆಯಲು ಬೇಕಾದದ್ದೋ ಅದೇ. ಗುರುವಾರ ಇದೇ ಮನೆಯಲ್ಲಿ, ನೀನು ಏನು ತಿಂದರೂ ಹಾಲು ಸರಿಯಾಗೇ ಇರುತ್ತದೆ ಎಂದು ಹೇಳಿ ಹೋದವರು ಇವರೇ. ಈಗ ನಿಜ ಹೇಳಿದರೆ ನೇದಾ ಎದ್ದು ಡಬ್ಬಿ ಒಡೆಯುತ್ತಾಳೆ. ಅವಳ ಭಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

"ಒಂದು ಕ್ಷಣ ಅನ್ನಿಸ್ತು," ಎನ್ನುತ್ತಾರೆ ರೊಸಾಂದಾ. "ಸುಮ್ನೆ ಇದ್ಬಿಡೋಣ. ಸೋಮವಾರ ಮಾತ್ರೆ ಕೊಟ್ಟು, ಶಕ್ತಿ ಬರ್ಲಿ ಅಂತ ತಗೋ ಮಗಾ, ಅಂದ್ರೆ ಆಯ್ತು. ಚಿಪ್ಪು ನುಂಗೋಳಿಗೆ ಮಾತ್ರೆ ನುಂಗೋದು ಕಷ್ಟನಾ? ಹಾಲೂ ಉಳಿಯುತ್ತೆ, ಅಯೋಡಿನ್ನೂ ಸೇರುತ್ತೆ. ಆದ್ರೆ ಅವಳು ನೇರವಾಗಿ ಹೇಳಿ ಅಂತ ಕೇಳಿದ್ಲು. ಅಂಥೋಳಿಗೆ ಅರ್ಧ ಉತ್ತರ ಕೊಟ್ಟು ನಾನು ಮತ್ತೆ ಆ ಮನೆ ಬಾಗಿಲು ಹೇಗೆ ತಟ್ಲಿ?"

ಅವರು ಕೆಳಗಿಳಿದು ಮೆಟ್ಟಿಲ ಮೇಲೆ ನೇದಾಳ ಪಕ್ಕ ಕೂತು ಹೇಳುತ್ತಾರೆ. ಮೊದಲು ತಮ್ಮ ತಪ್ಪು ಹೇಳುತ್ತಾರೆ, ಆಮೇಲೆ ಉಪ್ಪಿನ ವಿಷಯ. ನೆಲಮಾಳಿಗೆಯಲ್ಲಿ ಚಾಕುವಿನ ಸದ್ದು ನಿಲ್ಲುತ್ತದೆ. ನೇದಾ ಮಗುವನ್ನು ಗಂಡನ ಕೈಗೆ ಕೊಟ್ಟು ಮೇಲೆ ಹೋಗುತ್ತಾಳೆ. ಡಬ್ಬಿ ಹಿಡಿದು ವಾಪಸು ಬಂದು, ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಬಲ್ಬಿನ ಕೆಳಗೆ ಹಿಡಿಯುತ್ತಾಳೆ.

"ಇದರಲ್ಲಿ ಅಯೋಡಿನ್ ಇದೆ ಅಂತ ಬರೆದಿದೆ."

"ಇದೆ. ಇಲ್ಲ ಅನ್ನಲ್ಲ."

"ನನ್ನದರಲ್ಲಿ ಇಲ್ಲ."

"ಕಮ್ಮಿ ಇದೆ ಅನ್ಸುತ್ತೆ. ಸೋಮವಾರದ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಮಾತ್ರೆ ತಗೊಂಡು ಅಡುಗೆಗೆ ಅಂಗಡಿ ಉಪ್ಪು ಹಾಕಿದ್ರೆ ನಿನ್ನದರಲ್ಲೂ ಬರುತ್ತೆ. ತಿಂಗಳುಗಟ್ಟಲೆ ಕಾಯೋದು ಬೇಡ."

ನೇದಾ ಡಬ್ಬಿಯ ಮೇಲೆ ಬೆರಳಿಟ್ಟು ಮೇಲಿನಿಂದ ಓದತೊಡಗುತ್ತಾಳೆ, ಹಾಜರಿ ಕರೆಯುವ ಮೇಷ್ಟರ ಹಾಗೆ. "ಕ್ಯಾಲ್ಸಿಯಂ?"

"ನಿನ್ನ ಹಾಲಲ್ಲೂ ಇದೆ. ಊಟ ಹೇಗಿದ್ರೂ ಇರುತ್ತೆ."

"ರಂಜಕ? ಮೆಗ್ನೀಸಿಯಂ?"

"ಅವೂ ಹಾಗೇ."

"ಕಬ್ಬಿಣ?"

"ಅದು ಎಲ್ಲಾ ತಾಯಂದಿರ ಹಾಲಲ್ಲೂ ಸ್ವಲ್ಪನೇ. ಮಗು ನಿನ್ನ ಹೊಟ್ಟೇಲಿದ್ದಾಗಲೇ ಕೂಡಿಟ್ಕೊಂಡು ಬಂದಿದೆ. ನಿಂಗೆ ರಕ್ತ ಕಮ್ಮಿ ಇದ್ರೆ ನಿನಗೋಸ್ಕರ ನೀನು ಮಾಂಸ ತಿನ್ನು, ಕಾಳು ತಿನ್ನು."

"ಸತು, ತಾಮ್ರ?"

"ಊಟ ನೋಡ್ಕೊಂಡು ಅವು ಏರೋದೂ ಇಲ್ಲ, ಇಳಿಯೋದೂ ಇಲ್ಲ."

"ಸೆಲೆನಿಯಂ ಅಂತ ಇದೆ."

ರೊಸಾಂದಾ ನಿಟ್ಟುಸಿರು ಬಿಡುತ್ತಾರೆ. "ಅದೊಂದು ನಿನ್ನ ತಟ್ಟೆ ನೋಡುತ್ತೆ. ನಮ್ಮ ಮಣ್ಣಲ್ಲಿ ಅದು ಕಮ್ಮಿ. ಮೊಟ್ಟೆ ತಿನ್ನು, ಮೀನು ಸಿಕ್ಕಿದ್ರೆ ತಿನ್ನು."

"ಮೊಟ್ಟೆ ಕೊಡ್ತಾನೇ ಇದೀವಲ್ಲ," ಎನ್ನುತ್ತಾನೆ ಒಬ್ರಾದ್.

"ಚಿಪ್ಪು ಕೊಡ್ತಿದೀರಾ. ಒಳಗಿಂದು ಯಾರು ತಿಂತಿರೋದು?"

ಒಬ್ರಾದ್ ಮಗುವಿನ ಟೋಪಿ ಸರಿಮಾಡುತ್ತಾನೆ. ದಿನಾ ಬೆಳಿಗ್ಗೆ ಮಿಲ್ಲಿಗೆ ಹೊರಡುವ ಮುಂಚೆ ಅವನ ತಟ್ಟೆಗೆ ಬೀಳುವ ಆಮ್ಲೆಟ್ಟಿನ ಮೂಲ ಈಗ ಎಲ್ಲರಿಗೂ ತಿಳಿಯುತ್ತದೆ.

ನಗದೇ ಇರುವವರು ಮಿಲುಂಕಾ ಒಬ್ಬರೇ. ಅವರು ಉಪ್ಪು ಹತ್ತಿದ ಕೈಗಳನ್ನು ಏಪ್ರನ್ನಿಗೆ ಒರೆಸುತ್ತಿದ್ದಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಾರೆ. "ಹುಡುಗಿಗೆ ಒಳ್ಳೇದಾಗ್ಲಿ ಅಂತ ಆಕ್ರೋಟು ಕುಟ್ಟಿದೆ, ಚಿಪ್ಪು ಕುಟ್ಟಿದೆ. ಕೊನೆಗೆ ನನ್ನ ಉಪ್ಪೇ..."

"ನನ್ನ ಬಾಲ್ಕನಿ ಪೀಪಾಯಿಗೂ ಇದೇ ಉಪ್ಪೇ ಮಿಲುಂಕಕ್ಕಾ," ಎನ್ನುತ್ತಾರೆ ರೊಸಾಂದಾ.

ಮಿಲುಂಕಾ ತಲೆ ಎತ್ತುತ್ತಾರೆ. "ನೀನೂ ಲಾರಿಯೋನ ಹತ್ರ ತಗೋತೀಯಾ?"

"ಮತ್ತಿನ್ನೇನು? ಅಂಗಡಿ ಉಪ್ಪು ಹಾಕಿ ಕೋಸು ಮೆತ್ತಗೆ ಮಾಡ್ಕೊಳ್ಲಾ?"

"ಮೆತ್ತಗಾಗುತ್ತೆ ಅಂತ ನೀನೂ ನಂಬ್ತೀಯಾ?"

"ಗೊತ್ತಿಲ್ಲ. ಪರೀಕ್ಷೆ ಮಾಡೋಕೆ ಧೈರ್ಯ ಇಲ್ಲ. ಪೀಪಾಯಿ ಉಪ್ಪು ಪೀಪಾಯಿಗೆ ಇರ್ಲಿ. ಅಡುಗೆಮನೆಗೆ ಬೇರೆ ಇಡಿ, ಅಷ್ಟೇ."

ಈಗ ಮಿಲುಂಕಾ ನಗುತ್ತಾರೆ, ಹಲ್ಲಿಲ್ಲದ ಬದಿಯೂ ಕಾಣುವ ಹಾಗೆ. ಒಬ್ರಾದ್‌ನನ್ನು ಆಗಲೇ ಬೈಕಿನಲ್ಲಿ ಪಟ್ಟಣಕ್ಕೆ ಓಡಿಸುತ್ತಾರೆ, ಉಪ್ಪು ತರಲು. ನೇದಾ ಗಂಡನ ಕೈಯಿಂದ ಮಗುವನ್ನು ವಾಪಸು ತೆಗೆದುಕೊಳ್ಳುತ್ತಾಳೆ. ಡಬ್ಬಿ ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತಾಳೆ. ಅವಳು ಏನು ತೀರ್ಮಾನಿಸಿದಳು ಎನ್ನುವುದು ರೊಸಾಂದಾರಿಗೆ ತಿಳಿಯುವುದಿಲ್ಲ. ಕೇಳುವುದೂ ಇಲ್ಲ. "ಕೇಳಿದ್ರೆ ಅವಳು ನನ್ನ ಮನಸ್ಸಿಗೆ ಹಿತ ಆಗೋ ಉತ್ತರ ಕೊಡ್ತಾಳೆ. ಅದರಿಂದ ಮಗುಗೆ ಏನು ಬಂತು?"

ಭಾನುವಾರ ಮಧ್ಯಾಹ್ನ ಮನೆ ತುಂಬ ಹೆಂಗಸರು. ಬಾಗಿಲ ಹತ್ತಿರ ಬೂಟುಗಳ ಗುಡ್ಡ. ಮೇಜಿನ ಮೇಲೆ ಪೊಗಾಚಾ, ಕೋಳಿ, ಕೈಮಾಕ್ ಎಂಬ ಹೆಪ್ಪಾದ ಕೆನೆ, ಮಣ್ಣಿನ ಪಾತ್ರೆಯಲ್ಲಿ ಈರುಳ್ಳಿ ಹಾಕಿ ಒಲೆಯಲ್ಲಿ ಬೇಯಿಸಿದ ಬಿಳಿ ಕಾಳು. ಕಾಳು ನೆಂಟರಿಗೆ, ಬಾಣಂತಿಯ ಮುಂದೆ ಎಂದಿನ ಸೂಪಿನ ತಟ್ಟೆ ಇದೆ. ರೊಸಾಂದಾ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಾರೆ, ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಒಂದು ಸಣ್ಣ ಲೋಟ ಹಿಡಿದು. ಜೀಪು ಓಡಿಸಬೇಕಾದ್ದರಿಂದ ತುಟಿಗೆ ತಾಗಿಸಿ ಕೆಳಗಿಡುತ್ತಾರೆ, ಮತ್ತೆ ತಾಗಿಸುತ್ತಾರೆ.

ಒಬ್ರಾದ್‌ನ ಸೋದರತ್ತೆ ಕೊಸಾರಾ ಸುತ್ತಿಬಳಸಿ ಮಾತಾಡುವವಳಲ್ಲ. ಕೋಟು ತೆಗೆದು ಕೂತವಳೇ ಕೇಳುತ್ತಾಳೆ: "ಎಲ್ಲಿ ಬಾಟಲಿ? ಇವತ್ತಿಂದ ಶುರು ಅಂತ ಮಿಲು ಫೋನಲ್ಲಿ ಹೇಳಿದ್ಲು. ಹಾಲಲ್ಲಿ ಸತ್ವ ಇಲ್ವಂತಲ್ಲ?"

ಮಿಲುಂಕಾ ಸೊಸೆಯ ಕಡೆ ನೋಡುತ್ತಾರೆ. ರೊಸಾಂದಾ ಲೋಟದೊಳಗೆ ನೋಡುತ್ತಾರೆ.

"ಈಗ ತಾನೇ ಎದೆ ಕುಡಿದು ಮಲಗಿದ್ಲು ಅತ್ತೆ," ಎನ್ನುತ್ತಾಳೆ ನೇದಾ. ಬಾಯಿಗೆ ಕೈ ಅಡ್ಡ ಇಲ್ಲ. ಮುರಿದ ಹಲ್ಲು ಎಲ್ಲರಿಗೂ ಕಾಣುತ್ತದೆ. "ಇನ್ನು ಮುಂದೆಯೂ ಹಾಗೇ. ಒಂದು ಕೊರತೆ ಇರ್ಬಹುದು, ಅದು ಏನು ಅಂತ ಗೊತ್ತಾಗಿದೆ, ನಾಳೆ ಮಾತ್ರೆ ಬರುತ್ತೆ. ಮಿಕ್ಕಿದ್ದೆಲ್ಲಾ ನಾನು ಸರಿಯಾಗೇ ಕೊಟ್ಟಿದೀನಿ. ಗೊತ್ತಿಲ್ದೇನೇ ಕೊಟ್ಟಿದೀನಿ."

"ನೀರಿನ ಹಾಗಿದೆ ಅಂದ್ರು?"

"ಯಾರು ಅಂದಿದ್ದು?" ಮಿಲುಂಕಾ ಕೋಳಿ ಕತ್ತರಿಸುವ ಚಾಕು ಹಿಡಿದೇ ತಿರುಗುತ್ತಾರೆ. "ನಮ್ಮ ಸೊಸೆ ಹಾಲಿನ ವಿಷಯ ನಮ್ಮನೇಲಿ ಕೂತು ಯಾರೂ ಮಾತಾಡ್ಬೇಡಿ."

"ನೀನೇ ಅಂದಿದ್ದು ಮಿಲು."

"ನಾನು ಅಂದಿದ್ದು ಗುರುವಾರ. ಇವತ್ತು ಭಾನುವಾರ."

ಹೆಂಗಸರೆಲ್ಲ ನಗುತ್ತಾರೆ. ಕೊಸಾರಾ ಸೋತ ಹಾಗೆ ಕಾಣಿಸಿಕೊಳ್ಳಲು ಒಪ್ಪದೆ ಕೋಳಿಯ ತೊಡೆಯನ್ನು ನೇದಾಳ ತಟ್ಟೆಗೆ ಹಾಕುತ್ತಾಳೆ. "ಆಯ್ತಮ್ಮ, ಹಾಗಿದ್ರೆ ತಿನ್ನು. ಮಗುಗೋಸ್ಕರ ತಿನ್ನು."

ನೇದಾ ಕೋಳಿ ಬಿಟ್ಟು, ಮೇಜಿನ ಆ ತುದಿಯವರೆಗೆ ಕೈ ಚಾಚಿ ಮಣ್ಣಿನ ಪಾತ್ರೆಯನ್ನು ಎಳೆದುಕೊಳ್ಳುತ್ತಾಳೆ. ಒಂದು ಸೌಟು ಕಾಳು, ಮೇಲೆ ಇನ್ನೊಂದು ಸೌಟು. ಅದನ್ನು ನೋಡಿಯೂ ಮಿಲುಂಕಾ ಮತ್ತೆ ಕೋಳಿ ಕತ್ತರಿಸತೊಡಗುತ್ತಾರೆ.

"ಮಗುದು ಮಗು ನೋಡ್ಕೊಂಡಿದೆ ಅತ್ತೆ," ಎಂದು ಕೊಸಾರಾಳಿಗೆ ಹೇಳುತ್ತಾಳೆ ನೇದಾ. "ನಂಗೆ ಹಸಿವಾಗಿದೆ."

ಮೂರು ವಾರದ ಹಸಿವು ಅದು. ಅವಳು ತಿನ್ನುವುದನ್ನು ಎಲ್ಲರೂ ನೋಡುತ್ತಾರೆ, ಆಮೇಲೆ ನೋಡುವುದು ಬಿಟ್ಟು ತಾವೂ ತಿನ್ನತೊಡಗುತ್ತಾರೆ. ಒಳಕೋಣೆಯಲ್ಲಿ ದುನ್ಯಾ ಅಳುವುದಿಲ್ಲ. ರೊಸಾಂದಾ ರೊಟ್ಟಿಯ ತಟ್ಟೆಯನ್ನು ಮೆಲ್ಲಗೆ ನೇದಾಳ ಕಡೆಗೆ ಸರಿಸುತ್ತಾರೆ.

ಈ ಕೆಲಸದಲ್ಲಿ ಸಿಗುವುದೇನು ಎಂದು ಹೊರಗೆ ಅಂಗಳದಲ್ಲಿ ಕೇಳಿದರೆ, ಅವರು ಕೋಟಿನ ಗುಂಡಿ ಹಾಕುತ್ತಾ ಸ್ವಲ್ಪ ಯೋಚಿಸುತ್ತಾರೆ.

"ನಂಗೆ ಹಸಿವಾಗಿದೆ ಅಂತ ಬಾಣಂತಿ ಬಾಯಲ್ಲಿ ವರ್ಷಕ್ಕೆ ಒಂದ್ಸಲ ಕೇಳಿದ್ರೂ ಸಾಕು," ಎನ್ನುತ್ತಾರೆ ರೊಸಾಂದಾ. "ಎಲ್ಲರೂ ಹೇಳೋಕೆ ಶುರು ಮಾಡಿದ್ರೆ ಇನ್ನೂ ಚೆನ್ನ. ಆಗ ನಾನೂ ಮನೇಲಿ ಕೂತು ಬಿಸಿಬಿಸಿ ಊಟ ಮಾಡ್ಬಹುದು."